ಹಿಮದಂಚಿನಲ್ಲಿ ಹುಟ್ಟುವ ಹವೆ

ಗ್ರೀನ್‌ಲ್ಯಾಂಡಿಗೂ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹಕ್ಕೂ ನಡುವೆ ಸುಮಾರು 450 ಕಿಲೋಮೀಟರ್ ಅಗಲದ ಫ್ರಾಮ್ ಜಲಸಂಧಿ ಇದೆ. ಆರ್ಕ್ಟಿಕ್ ಸಾಗರದಿಂದ ಹೊರಬೀಳುವ ಹಿಮಗಡ್ಡೆಯ ಬಹುಪಾಲು ಈ ಜಲಸಂಧಿಯ ಪಶ್ಚಿಮ ಭಾಗದಲ್ಲಿ ಗ್ರೀನ್‌ಲ್ಯಾಂಡಿನ ಕರಾವಳಿಗುಂಟ ದಕ್ಷಿಣಕ್ಕೆ ತೇಲಿದರೆ, ಪೂರ್ವ ಭಾಗದಲ್ಲಿ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ನೀರು ಸ್ವಾಲ್ಬಾರ್ಡಿನ ಮಗ್ಗುಲಿನಿಂದ ಉತ್ತರಕ್ಕೆ ಹರಿಯುತ್ತದೆ. ಈ ಎರಡು ಪ್ರವಾಹಗಳು ಒಂದರ ಪಕ್ಕದಲ್ಲಿ ಒಂದು ಸಾಗುವುದರಿಂದ, 79 ಡಿಗ್ರಿ ಉತ್ತರ ಅಕ್ಷಾಂಶದಷ್ಟು ಮೇಲೆ, ಸೂರ್ಯನೇ ಕಾಣಿಸದ ನಡುಚಳಿಗಾಲದಲ್ಲೂ ತೆರೆದ ನೀರು ಹಿಮಗಡ್ಡೆಯ ಹರವಿಗೆ ತಾಗಿಕೊಂಡೇ ಇರುತ್ತದೆ. ಹವಾವಿಜ್ಞಾನಿಗಳು ಈ ಗಡಿಯನ್ನು ನೀರು ಮತ್ತು ಹಿಮದ ನಡುವಿನ ಗೆರೆಯಾಗಿ ಮಾತ್ರ ನೋಡುವುದಿಲ್ಲ. ಮಂಜು, ಮೋಡ, ಹಿಮಪಾತ ಮತ್ತು ಬಿರುಗಾಳಿಗಳು ಇಲ್ಲಿಯೇ ರೂಪುಗೊಳ್ಳುತ್ತವೆ. ಅವುಗಳಲ್ಲಿ ಯಾವುದು ಯಾವಾಗ ಎಂಬುದು ಬಹುಮಟ್ಟಿಗೆ ಗಾಳಿ ಈ ಗಡಿಯನ್ನು ಯಾವ ಕಡೆಯಿಂದ ದಾಟುತ್ತದೆ ಎಂಬುದನ್ನು ಅವಲಂಬಿಸಿದೆ.

ಹಿಮದಂಚು ಎಂಬುದು ಕತ್ತರಿಸಿಟ್ಟಂತಹ ನೇರ ಅಂಚಲ್ಲ. ಉಪಗ್ರಹ ಚಿತ್ರಗಳಲ್ಲಿ ಕಡಲ ಮೇಲ್ಮೈಯ ಕನಿಷ್ಠ ಶೇಕಡಾ 15ರಷ್ಟು ಭಾಗ ಹಿಮಗಡ್ಡೆಯಿಂದ ಮುಚ್ಚಿರುವ ಕೊನೆಯ ಗೆರೆಯನ್ನು ಅಂಚೆಂದು ಗುರುತಿಸುವುದು ವಾಡಿಕೆ. ಅಲ್ಲಿಂದ ಒಳಕ್ಕೆ, ಶೇಕಡಾ 80ರಷ್ಟು ಮುಚ್ಚಿರುವವರೆಗಿನ ಪಟ್ಟಿಯನ್ನು ಅಂಚಿನ ಹಿಮವಲಯ ಎನ್ನುತ್ತಾರೆ. ಒಡೆದ ಹಿಮಹಾಸುಗಳೂ ಅವುಗಳ ನಡುವಿನ ನೀರಿನ ಬಿರುಕುಗಳೂ ತುಂಬಿರುವ ಈ ವಲಯ ಕೆಲವೊಮ್ಮೆ ಹತ್ತಾರು ಕಿಲೋಮೀಟರ್, ಕೆಲವೊಮ್ಮೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಅಗಲಕ್ಕೆ ಹರಡಿರುತ್ತದೆ. ಇದರ ಎರಡು ಬದಿಗಳು ಸೂರ್ಯನ ಬೆಳಕಿಗೂ ಶಾಖಕ್ಕೂ ತೀರ ಬೇರೆಬೇರೆಯಾಗಿ ಸ್ಪಂದಿಸುತ್ತವೆ. ಹೊಸ ಹಿಮ ಬಿದ್ದ ಗಡ್ಡೆಯು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಕಳುಹಿಸಿದರೆ, ತೆರೆದ ಕಡಲು ಶೇಕಡಾ 90ಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. ಉಪ್ಪುನೀರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ದ್ರವರೂಪದ ಕಡಲು ಅದಕ್ಕಿಂತ ತಣ್ಣಗಾಗಲಾರದು; ಆದರೆ ಆ ನೀರಿನಿಂದ ಮೇಲಿನ ಗಾಳಿಗೆ ಶಾಖ ಸುಲಭವಾಗಿ ಏರದಂತೆ ಗಡ್ಡೆ ಮತ್ತು ಅದರ ಮೇಲಿನ ಹಿಮದ ಪದರ ತಡೆಯುವುದರಿಂದ, ಹಿಮಗಡ್ಡೆಯ ಮೇಲಿನ ಗಾಳಿ ಚಳಿಗಾಲದಲ್ಲಿ ಮೈನಸ್ 30 ಡಿಗ್ರಿಗೂ ಇಳಿಯಬಲ್ಲದು.

ಇಂತಹ ಕೊರೆಯುವ ಗಾಳಿ ಹಿಮಗಡ್ಡೆಯ ಕಡೆಯಿಂದ ತೆರೆದ ಕಡಲಿನ ಕಡೆಗೆ ನುಗ್ಗುವುದನ್ನು ಶೀತವಾಯುವಿನ ಹೊರಹರಿವು ಎಂದು ಕರೆಯಬಹುದು. ಗಡ್ಡೆಯ ಮೇಲಿದ್ದಾಗ ಈ ಗಾಳಿಯ ತೀರ ತಣ್ಣನೆಯ ಭಾಗ ನೆಲಮಟ್ಟದಲ್ಲಿಯೂ ಅದಕ್ಕಿಂತ ಬೆಚ್ಚನೆಯ ಭಾಗ ಮೇಲೆಯೂ ಇರುತ್ತದೆ. ಸಾಮಾನ್ಯ ಕ್ರಮಕ್ಕೆ ತಲೆಕೆಳಗಾದ ಈ ಜೋಡಣೆಗೆ ಉಷ್ಣತಾ ವಿಲೋಮ ಎಂದು ಹೆಸರು. ಅಂಚು ದಾಟಿದೊಡನೆ ಗಾಳಿಯ ತಳ ತನಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಬೆಚ್ಚನೆಯ ನೀರನ್ನು ಮುಟ್ಟುತ್ತದೆ ಮತ್ತು ಕಡಲು ತನ್ನ ಶಾಖವನ್ನೂ ತೇವವನ್ನೂ ಅದಕ್ಕೆ ಧಾರಾಳವಾಗಿ ಕೊಡತೊಡಗುತ್ತದೆ. ಪ್ರಬಲ ಹೊರಹರಿವಿನ ವೇಳೆ ಪ್ರತಿ ಚದರ ಮೀಟರ್ ನೀರಿನಿಂದ 500 ವ್ಯಾಟ್‌ಗೂ ಹೆಚ್ಚು ಶಾಖ ಹೊರಹೋಗುವುದುಂಟು. ಇದು ಉರಿಬೇಸಿಗೆಯ ನಡುಮಧ್ಯಾಹ್ನ ಅಷ್ಟೇ ಜಾಗಕ್ಕೆ ಸೂರ್ಯನಿಂದ ದೊರೆಯುವ ಶಾಖದ ಅರ್ಧದಷ್ಟು.

ಆಕಾಶದಲ್ಲಿ ಇದರ ಪರಿಣಾಮಗಳು ಒಂದು ಕ್ರಮದಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲಿಗೆ, ನೀರಿನಿಂದ ಎದ್ದ ಆವಿ ತಣ್ಣನೆಯ ಗಾಳಿಯಲ್ಲಿ ತಕ್ಷಣ ಸಾಂದ್ರಗೊಂಡು, ಅಲೆಗಳ ಮೇಲೆ ಹೊಗೆಯಾಡುತ್ತಿರುವಂತೆ ತೋರುತ್ತದೆ. ನಾವಿಕರು ಇದನ್ನು ಕಡಲ ಹೊಗೆ ಎನ್ನುತ್ತಾರೆ. ಮುಂದೆ ಸಾಗಿದಂತೆ ಬಿಸಿಯಾದ ಗಾಳಿ ಮೇಲೇರಿ, ತಣ್ಣನೆಯದು ಕೆಳಗಿಳಿದು, ಗಾಳಿ ಬೀಸುವ ದಿಕ್ಕಿಗೆ ಸಮಾಂತರವಾಗಿ ಉರುಳುವ ಉದ್ದನೆಯ ಸುರುಳಿಗಳು ಏರ್ಪಡುತ್ತವೆ. ಗಾಳಿ ಏರುವ ಕಡೆ ಮೋಡ, ಇಳಿಯುವ ಕಡೆ ತಿಳಿಯಾಕಾಶ ಉಂಟಾಗುವುದರಿಂದ ಮೋಡಗಳು ಸಾಲುಸಾಲಾಗಿ ನಿಲ್ಲುತ್ತವೆ. ಮೋಡದ ಬೀದಿಗಳು ಎನಿಸಿಕೊಳ್ಳುವ ಈ ಸಾಲುಗಳು ಉಪಗ್ರಹ ಚಿತ್ರದಲ್ಲಿ ಹಿಮದಂಚಿನಿಂದಲೇ ಹೊರಟು ನೂರಾರು ಕಿಲೋಮೀಟರ್ ಚಾಚಿರುವುದನ್ನು ಕಾಣಬಹುದು. ಕಡಲಿನ ಮೇಲೆ ದೂರ ಸಾಗಿದಷ್ಟೂ ಕಲಕಿದ ಗಾಳಿಯ ಪದರ ಎತ್ತರಗೊಂಡು, ಬೀದಿಗಳ ನಡುವಿನ ಅಂತರ ಹಿಗ್ಗಿ, ಕೊನೆಗೆ ಅವು ಒಡೆದು ನಡುವೆ ತೆರವಿರುವ ಉಂಗುರಾಕಾರದ ಮೋಡಗಳಾಗುತ್ತವೆ; ನಾರ್ವೆಯ ಉತ್ತರ ಕರಾವಳಿಯ ಮೇಲೆ ಬಿಟ್ಟುಬಿಟ್ಟು ಸುರಿಯುವ ಹಿಮಪಾತಕ್ಕೆ ಹೆಚ್ಚಾಗಿ ಇವೇ ಮೂಲ.

ಈ ಗಾಳಿಯೇ ಹಡಗುಗಳ ಪಾಲಿಗೆ ದೊಡ್ಡ ಅಪಾಯವೂ ಹೌದು. ಅಲೆಗಳಿಂದ ಸಿಡಿದ ನೀರು ಕೊರೆಯುವ ಗಾಳಿಯಲ್ಲಿ ಹಡಗಿನ ಮೈಗೆ ತಾಗಿದೊಡನೆ ಹೆಪ್ಪುಗಟ್ಟುತ್ತದೆ, ಪದರದ ಮೇಲೆ ಪದರ ಬೆಳೆದಂತೆ ಮೇಲ್ಭಾಗದ ಭಾರ ಹೆಚ್ಚುತ್ತದೆ, ಒಂದು ಹಂತ ಮೀರಿದ ಮೇಲೆ ಹಡಗು ಮಗುಚುತ್ತದೆ. 1955ರ ಜನವರಿ 26ರಂದು ಐಸ್‌ಲ್ಯಾಂಡಿನ ಉತ್ತರದ ಕಡಲಿನಲ್ಲಿ ಲೊರೆಲ್ಲಾ ಮತ್ತು ರೊಡೆರಿಗೊ ಎಂಬ ಎರಡು ಬ್ರಿಟಿಷ್ ಮೀನುಗಾರಿಕಾ ಹಡಗುಗಳು ಹೀಗೆಯೇ ಮುಳುಗಿ 40 ಮಂದಿ ಸತ್ತರು. ಅದಕ್ಕೂ ಮುನ್ನ 1952ರ ಏಪ್ರಿಲ್‌ನಲ್ಲಿ ಗ್ರೀನ್‌ಲ್ಯಾಂಡಿನ ಪೂರ್ವಕ್ಕೆ ಹಿಮದಂಚಿನ ಬಳಿ ಸೀಲ್ ಬೇಟೆಗೆ ಹೋಗಿದ್ದ ನಾರ್ವೆಯ ಐದು ಹಡಗುಗಳು ಬಿರುಗಾಳಿಗೆ ಸಿಕ್ಕಿ, ಅವುಗಳಲ್ಲಿದ್ದ 78 ಮಂದಿಯೊಂದಿಗೆ ಕಣ್ಮರೆಯಾಗಿದ್ದವು.

ಹೊರಹರಿವಿನ ಒಡಲಲ್ಲಿ ಕೆಲವೊಮ್ಮೆ ಇನ್ನೂ ತೀವ್ರವಾದ ಧ್ರುವೀಯ ವಾಯುಭಾರ ಕುಸಿತ ಹುಟ್ಟುತ್ತದೆ. ಇದು 200ರಿಂದ 1000 ಕಿಲೋಮೀಟರ್ ವ್ಯಾಸದ ಸಣ್ಣ, ಆದರೆ ಬಿರುಸಾದ ಸುಳಿಗಾಳಿ. ಇದರ ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್ ಮೀರುತ್ತದೆ ಮತ್ತು ಆಯುಷ್ಯ ಸಾಮಾನ್ಯವಾಗಿ ಎರಡು ದಿನಗಳೊಳಗೆ ಮುಗಿಯುತ್ತದೆ. ಕಡಲಿನ ಮೇಲ್ಮೈಗೂ ಸುಮಾರು ಐದು ಕಿಲೋಮೀಟರ್ ಎತ್ತರದ ಗಾಳಿಗೂ ನಡುವೆ 43 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯ ವ್ಯತ್ಯಾಸ ಇರುವುದನ್ನು ಮುನ್ಸೂಚಕರು ಇದರ ಸಂಭವದ ಒಂದು ಗುರುತಾಗಿ ಬಳಸುತ್ತಾರೆ. ಆವಿ ಮೋಡವಾಗುವಾಗ ಬಿಡುಗಡೆಯಾಗುವ ಗುಪ್ತೋಷ್ಣವೂ ಕಡಲಿನಿಂದ ನೇರವಾಗಿ ಏರುವ ಶಾಖವೂ ಈ ಸುಳಿಗೆ ಬಲ ಕೊಡುವುದರಿಂದ, ನೆಲವನ್ನೋ ಹಿಮಗಡ್ಡೆಯನ್ನೋ ಮುಟ್ಟಿದಾಗ ಆಹಾರ ಕಡಿದುಹೋಗಿ ಅದು ಬೇಗನೆ ಸಾಯುತ್ತದೆ. ಹವಾ ಕೇಂದ್ರಗಳೇ ಇಲ್ಲದ ಕಡಲಿನಲ್ಲಿ ಹುಟ್ಟಿ ಅಲ್ಲಿಯೇ ಅಳಿಯುತ್ತಿದ್ದ ಈ ಸುಳಿಗಳ ನಿಜರೂಪ ತಿಳಿದದ್ದು 1960ರ ದಶಕದಲ್ಲಿ ಉಪಗ್ರಹ ಚಿತ್ರಗಳು ಬಂದ ಮೇಲೆಯೇ. 1984ರ ಫೆಬ್ರುವರಿಯಲ್ಲಿ ಅಮೆರಿಕದ ಸಂಶೋಧನಾ ವಿಮಾನವೊಂದು ನಾರ್ವೇಜಿಯನ್ ಸಮುದ್ರದ ಮೇಲೆ ಇಂತಹ ಒಂದು ಸುಳಿಯೊಳಗೆ ಹಾರಿ ಅದರ ಗಾಳಿಯನ್ನೂ ಉಷ್ಣತೆಯನ್ನೂ ಅಳೆಯಿತು.

ಗಾಳಿ ತಿರುಗಿ ತೆರೆದ ಕಡಲಿನಿಂದ ಹಿಮಗಡ್ಡೆಯ ಕಡೆಗೆ ಬೀಸಿದರೆ ದೃಶ್ಯ ಸಂಪೂರ್ಣ ಬೇರೆಯಾಗುತ್ತದೆ. ಆಗ ಬೆಚ್ಚನೆಯ ತೇವದ ಗಾಳಿ ಕೆಳಗಿನಿಂದ ತಣ್ಣಗಾಗಿ, ಮೇಲೇರುವ ಶಕ್ತಿ ಕಳೆದುಕೊಂಡು, ಮಂಜಾಗಿ ಅಥವಾ ತಗ್ಗಿನಲ್ಲಿ ಹಾಸಿದ ಬೂದು ಮೋಡವಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಒಳಬರುವ ಶಾಖವೆಲ್ಲ ಗಡ್ಡೆಯನ್ನು ಕರಗಿಸಲೆಂದೇ ವ್ಯಯವಾಗುವುದರಿಂದ ಅದರ ಮೇಲ್ಮೈ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ಹಿಮದಂಚು ಎಂದರೆ ಬಿರುಗಾಳಿಗಿಂತ ಹೆಚ್ಚಾಗಿ ದಿನಗಟ್ಟಲೆ ಬಿಡದ ಮಂಜು. ಇಂತಹ ಮೋಡ ಕವಿದ ಆಕಾಶವೂ ಹಿಂದಿನ ನಾವಿಕರಿಗೆ ಉಪಯೋಗಕ್ಕೆ ಬರುತ್ತಿತ್ತು. ದೂರದ ಹಿಮಗಡ್ಡೆಯಿಂದ ಪ್ರತಿಫಲಿಸಿದ ಬೆಳಕು ಮೋಡದ ತಳವನ್ನು ಬೆಳ್ಳಗೆ ಹೊಳೆಯಿಸಿದರೆ, ತೆರೆದ ನೀರಿನ ಮೇಲಿನ ಮೋಡ ಕಪ್ಪಾಗಿ ಕಾಣುವುದರಿಂದ, ಅವರು ಕಣ್ಣಿಗೆ ಬೀಳದ ಹಿಮದಂಚನ್ನು ಆಕಾಶದಲ್ಲಿ ಓದುತ್ತಿದ್ದರು. ತಿಮಿಂಗಿಲ ಬೇಟೆಯ ನಾಯಕನೂ ವಿಜ್ಞಾನಿಯೂ ಆಗಿದ್ದ ವಿಲಿಯಂ ಸ್ಕೋರ್ಸ್‌ಬಿ ಆರ್ಕ್ಟಿಕ್ ಪ್ರದೇಶಗಳ ಕುರಿತು 1820ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೊಳಪನ್ನು ವರ್ಣಿಸಿದ್ದಾನೆ.

ಮೂರನೆಯ ಸಾಧ್ಯತೆ ಎಂದರೆ ಗಾಳಿ ಅಂಚಿಗುಂಟ ಬೀಸುವುದು. ರಾತ್ರಿ ನೆಲ ಕಡಲಿಗಿಂತ ತಣ್ಣಗಾದಾಗ ಕರ್ನಾಟಕದ ಕರಾವಳಿಯಲ್ಲಿ ನೆಲದಿಂದ ಕಡಲಿಗೆ ಗಾಳಿ ಹೊರಡುವಂತೆ, ಇಲ್ಲಿಯೂ ಹಿಮಗಡ್ಡೆಯ ಮೇಲಿನ ತಣ್ಣನೆಯ ಭಾರದ ಗಾಳಿ ನೀರಿನ ಕಡೆಗೆ ಜಾರಲು ಹವಣಿಸುತ್ತದೆ. ಆದರೆ ಈ ಅಕ್ಷಾಂಶಗಳಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಪ್ರಬಲವಾಗಿರುವುದರಿಂದ ಅದು ಬಲಕ್ಕೆ ಬಾಗಿ, ಗಡ್ಡೆಯನ್ನು ತನ್ನ ಬಲಕ್ಕಿಟ್ಟುಕೊಂಡು ಅಂಚಿಗೆ ಸಮಾಂತರವಾಗಿ, ಮೇಲ್ಮೈಯಿಂದ ಕೆಲವು ನೂರು ಮೀಟರ್‌ಗಳೊಳಗೆ ರಭಸವಾಗಿ ಸಾಗುತ್ತದೆ. ಫ್ರಾಮ್ ಜಲಸಂಧಿಯ ಉತ್ತರದ ಗಾಳಿಗೆ ಇದರಿಂದ ಹೆಚ್ಚಿನ ಬಲ ಬರುತ್ತದೆ.

ಗಾಳಿಯೂ ಹಿಮದಂಚನ್ನು ತನಗೆ ಬೇಕಾದಂತೆ ತಿದ್ದುತ್ತದೆ. ಗಡ್ಡೆಯ ಕಡೆಗೆ ಬೀಸಿದ ಗಾಳಿ ಹಿಮಹಾಸುಗಳನ್ನು ಒತ್ತೊತ್ತಾಗಿ ಸೇರಿಸಿ ಅಂಚನ್ನು ಸ್ಪಷ್ಟಗೊಳಿಸಿದರೆ, ಗಡ್ಡೆಯಿಂದ ಹೊರಕ್ಕೆ ಬೀಸಿದ ಗಾಳಿ ಅವುಗಳನ್ನು ಪಟ್ಟಿಪಟ್ಟಿಯಾಗಿ ಚದುರಿಸುತ್ತದೆ. ದೂರದ ಬಿರುಗಾಳಿಯ ಅಲೆಗಳು ಒಳನುಗ್ಗಿ ದೊಡ್ಡ ಹಾಸುಗಳನ್ನು ಮುರಿಯುತ್ತವೆ. 1893ರಿಂದ 1896ರವರೆಗಿನ ಫ್ರಾಮ್ ಹಡಗಿನ ಯಾತ್ರೆಯಲ್ಲಿ ನಾರ್ವೆಯ ಅನ್ವೇಷಕ ಫ್ರಿಟ್‌ಯೋಫ್ ನಾನ್ಸೆನ್ ಹಿಮಗಡ್ಡೆಯು ಗಾಳಿಯ ದಿಕ್ಕಿಗೆ ನೇರವಾಗಿ ಹೋಗದೆ 20ರಿಂದ 40 ಡಿಗ್ರಿಯಷ್ಟು ಬಲಕ್ಕೆ ಸರಿಯುವುದನ್ನು ಗಮನಿಸಿದನು, ಮತ್ತು ಸಾಗರವಿಜ್ಞಾನಿ ವಾಗ್ನ್ ವಾಲ್‌ಫ್ರಿಡ್ ಎಕ್‌ಮನ್ 1905ರಲ್ಲಿ ಭೂಭ್ರಮಣವನ್ನು ಆಧರಿಸಿ ಇದಕ್ಕೆ ಗಣಿತದ ವಿವರಣೆ ನೀಡಿದನು. ಅಂಚಿಗುಂಟ ಬೀಸುವ ಗಾಳಿ ಗಡ್ಡೆಯಡಿಯ ನೀರನ್ನೂ ತೆರೆದ ನೀರನ್ನೂ ಸಮವಾಗಿ ಸರಿಸದಿದ್ದಾಗ, ಆ ಕೊರತೆಯನ್ನು ತುಂಬಲು ಆಳದ ಪೋಷಕಾಂಶಭರಿತ ನೀರು ಮೇಲೇರುತ್ತದೆ. ವಸಂತದಲ್ಲಿ ಹಿಮದಂಚಿಗುಂಟ ಸೂಕ್ಷ್ಮ ಸಸ್ಯಗಳು ದಟ್ಟವಾಗಿ ಬೆಳೆದು ಮೀನು, ಹಕ್ಕಿ, ಸೀಲ್‌ಗಳನ್ನು ಸೆಳೆಯುವುದಕ್ಕೆ ಇದೂ ಒಂದು ಕಾರಣ.

ದಕ್ಷಿಣ ಧ್ರುವದಲ್ಲಿ ಭೂಪಟವೇ ತಿರುಗುಮುರುಗಾಗಿದೆ. ಅಲ್ಲಿ ಖಂಡದ ಸುತ್ತ ಕಡಲಿರುವುದರಿಂದ ಹಿಮದಂಚು ಉಂಗುರದಂತೆ ಹೊರಕ್ಕೆ ಹಿಗ್ಗುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಸಾಮಾನ್ಯವಾಗಿ 180 ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು ಕಡಲನ್ನು ಆವರಿಸುತ್ತದೆ. ಖಂಡದ ಎತ್ತರದ ಹಿಮಪ್ರಸ್ಥಭೂಮಿಯಿಂದ ಇಳಿಜಾರಿನಲ್ಲಿ ಧುಮುಕುವ ಗಾಳಿ ಟೆರಾ ನೋವಾ ಕೊಲ್ಲಿಯಂತಹ ಕಡೆಗಳಲ್ಲಿ ಹೊಸ ಗಡ್ಡೆಯನ್ನು ಹುಟ್ಟಿದಂತೆಯೇ ದೂಡಿಬಿಡುವುದರಿಂದ, ದಡದ ಬಳಿಯೇ ತೆರೆದ ನೀರಿನ ಮತ್ತೊಂದು ಒಳ ಅಂಚು ಏರ್ಪಡುತ್ತದೆ.

ಹಿಮದಂಚಿನ ಹವೆಯನ್ನು ಮುನ್ಸೂಚಿಸುವುದು ಇಂದಿಗೂ ಕಷ್ಟ. 1980ರ ದಶಕದಲ್ಲಿ ಹಲವು ದೇಶಗಳು ಸೇರಿ ಫ್ರಾಮ್ ಜಲಸಂಧಿಯಲ್ಲಿ ನಡೆಸಿದ ಮಿಜೆಕ್ಸ್ ಅಧ್ಯಯನದಿಂದ ಹಿಡಿದು, 2019ರಿಂದ 2020ರವರೆಗೆ ಪೋಲಾರ್‌ಸ್ಟರ್ನ್ ಹಡಗು ಹಿಮಗಡ್ಡೆಯೊಂದಿಗೆ ತೇಲಿದ ಮೊಸಾಯಿಕ್ ಯಾತ್ರೆಯವರೆಗೆ ಮಾಪನಗಳು ಸಂಗ್ರಹವಾಗುತ್ತ ಬಂದಿವೆ. ಆದರೆ ಇಲ್ಲಿನ ಮೋಡಗಳಲ್ಲಿ ಸೊನ್ನೆಗಿಂತ ಬಹಳ ಕೆಳಗೂ ಹೆಪ್ಪುಗಟ್ಟದೆ ಉಳಿಯುವ ನೀರಿನ ಹನಿಗಳು ಹಿಮಹರಳುಗಳೊಂದಿಗೆ ಬೆರೆತಿರುವುದರಿಂದ, ಅವುಗಳ ಪ್ರಮಾಣವನ್ನು ಕಂಪ್ಯೂಟರ್ ಮಾದರಿಗಳು ಸರಿಯಾಗಿ ಹಿಡಿಯಲಾರವು. ಸಣ್ಣ ಸುಳಿಗಳಂತೂ ಸ್ಥೂಲ ಮಾದರಿಗಳ ಚೌಕಗಳಲ್ಲಿ ಜಾರಿಹೋಗುತ್ತವೆ. ಆದ್ದರಿಂದಲೇ ನಾರ್ವೆಯ ಹವಾಮಾನ ಸಂಸ್ಥೆ 2.5 ಕಿಲೋಮೀಟರ್ ಚೌಕಗಳ ಪ್ರತ್ಯೇಕ ಆರ್ಕ್ಟಿಕ್ ಮಾದರಿಯನ್ನು ನಡೆಸುತ್ತಿದೆ. ಕಡಲ ಮೇಲಿನ ಗಾಳಿಯನ್ನು ರೇಡಾರ್ ಅಲೆಗಳ ಮೂಲಕ ಅಳೆಯುವ ಉಪಗ್ರಹಗಳ ಸಾಲಿನಲ್ಲಿ ಇಸ್ರೋದ ಓಷನ್‌ಸ್ಯಾಟ್ ಸರಣಿಯೂ ಇದೆ, ಮತ್ತು ಸ್ವಾಲ್ಬಾರ್ಡಿನ ನ್ಯೂ ಆಲೆಸುಂಡ್‌ನಲ್ಲಿ 2008ರಲ್ಲಿ ಆರಂಭವಾದ ಭಾರತದ ಹಿಮಾದ್ರಿ ಕೇಂದ್ರ ಇದೇ ಜಲಸಂಧಿಯ ಪೂರ್ವದ ದಡದಲ್ಲಿದೆ.

ಈ ನಡುವೆ ಅಂಚೇ ಸ್ಥಳ ಬದಲಿಸುತ್ತಿದೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ, 2012ರ ಸೆಪ್ಟೆಂಬರ್‌ನಲ್ಲಿ ಹಿಮಗಡ್ಡೆಯ ಹರವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಸಿದಿತ್ತು, ಮತ್ತು ಬ್ಯಾರೆಂಟ್ಸ್ ಸಮುದ್ರದಲ್ಲಿ ಚಳಿಗಾಲದ ಅಂಚೂ ಉತ್ತರಕ್ಕೆ ಸರಿದಿದೆ. ಮೇಲಿನ ಗಾಳಿ ಕಡಲಿಗಿಂತ ಹೆಚ್ಚು ಬಿಸಿಯಾದರೆ ಅವೆರಡರ ನಡುವಿನ ವ್ಯತ್ಯಾಸ ತಗ್ಗುವುದರಿಂದ, ಉತ್ತರ ಅಟ್ಲಾಂಟಿಕ್‌ನಲ್ಲಿ ಧ್ರುವೀಯ ಸುಳಿಗಳ ಸಂಖ್ಯೆ ಈ ಶತಮಾನದಲ್ಲಿ ಕಡಿಮೆಯಾಗಬಹುದೆಂದು ಮಾದರಿಗಳು ಸೂಚಿಸುತ್ತವೆ. ಆದರೆ ಸಂಖ್ಯೆ ತಗ್ಗಿತೆಂದರೆ ಅಪಾಯ ತಗ್ಗಿತೆಂದು ಅರ್ಥವಲ್ಲ. ಹಿಂದೆ ಗಡ್ಡೆ ಮುಚ್ಚಿದ್ದ ಕಡಲು ತೆರೆದುಕೊಂಡಂತೆ ಕಡಲ ಹೊಗೆ, ಹಡಗಿನ ಮೇಲೆ ಬೆಳೆಯುವ ಗಡ್ಡೆ ಮತ್ತು ಸುಳಿಗಾಳಿಗಳು ಅಂಚಿನ ಜೊತೆಗೆ ಉತ್ತರಕ್ಕೆ ನಡೆಯುತ್ತವೆ, ಮೀನುಗಾರರೂ ಸರಕು ಹಡಗುಗಳೂ ಅವುಗಳ ಹಿಂದೆಯೇ ಹೋಗುತ್ತಾರೆ. ಬಂದರುಗಳೂ ಹವಾ ಕೇಂದ್ರಗಳೂ ವಿರಳವಾಗಿರುವ ಆ ನೀರಿನಲ್ಲಿ ನಾಳಿನ ಹವೆಯನ್ನು ಹೇಳಬೇಕಾದರೆ, ಹಿಮದಂಚು ಇಂದು ಎಲ್ಲಿದೆ ಎಂಬುದನ್ನು ಗಾಳಿಯ ವೇಗದಷ್ಟೇ ನಿಖರವಾಗಿ ಪ್ರತಿದಿನವೂ ಅಳೆಯಬೇಕಾಗುತ್ತದೆ.