ಆರ್ಕಿಡ್ ಎಲೆ ಸುಕ್ಕಾದರೆ ನೀರು ಹಾಕುವ ಮುಂಚೆ ಬೇರು ನೋಡಿ

ಕಲಬುರಗಿಯಲ್ಲಿರುವ ಅಕ್ಕನ ಗೃಹಪ್ರವೇಶಕ್ಕೆ ಒಂದು ಫಲೆನಾಪ್ಸಿಸ್ ಆರ್ಕಿಡ್ ಕೊಟ್ಟಿದ್ದೆ. ಏಪ್ರಿಲ್‌ನಲ್ಲಿ ಫೋನ್ ಬಂತು. "ಎಲೆಯೆಲ್ಲ ಸುಕ್ಕಾಗಿದೆ ಕಣೋ, ನೀರು ಸಾಲ್ತಿಲ್ವೇನೋ?" ತೋಟಗಾರಿಕೆ ಓದಿದವನು ನಾನು, ಗಿಡ ನೋಡದೆಯೇ "ದಿನಾ ಹಾಕು" ಅಂದುಬಿಟ್ಟೆ. ಹದಿನೈದು ದಿನದ ನಂತರ ಹೋಗಿ ಕುಂಡದಿಂದ ಗಿಡ ಎತ್ತಿದರೆ ಬೇರೆಲ್ಲ ಕಂದುಬಣ್ಣ, ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಗಟ್ಟಿಯಾಗಿ ಉಳಿದದ್ದು ಎರಡೇ ಬೇರು.

ಬೇರು ಒಣಗಿದರೂ ಎಲೆ ಸುಕ್ಕಾಗುತ್ತೆ, ಕೊಳೆತರೂ ಸುಕ್ಕಾಗುತ್ತೆ. ಎರಡರಲ್ಲೂ ಎಲೆಗೆ ನೀರು ತಲುಪುವುದಿಲ್ಲ. ಹಾಗಾಗಿ ಎಲೆ ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ನಮ್ಮ ಮಲೆನಾಡಿನ ಸೀತಾಳೆ ದಂಡೆಯಂತೆ ಇದೂ ಮರದ ಮೇಲೆ ಬೆಳೆಯುವ ಗಿಡ. ಮಳೆಗೆ ಬೇರು ನೆನೆಯುತ್ತೆ, ಗಾಳಿಗೆ ಆರುತ್ತೆ. ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂಥ ಪದರವಿದೆ. ಒಣಗಿದಾಗ ಅದು ಬೆಳ್ಳಿಬೂದು, ನೆನೆದಾಗ ಹಸಿರು. ಪಾರದರ್ಶಕ ಪ್ಲಾಸ್ಟಿಕ್ ಕುಂಡವಿದ್ದರೆ ಹೊರಗಿನಿಂದಲೇ ಕಾಣುತ್ತೆ. ಬೇರು ಬೂದುಬಣ್ಣಕ್ಕೆ ಬಂದ ಮೇಲೆ, ಬೆಳಿಗ್ಗೆ ಹೊತ್ತು, ಕುಂಡವನ್ನು ಹತ್ತು ಹದಿನೈದು ನಿಮಿಷ ಬಕೆಟ್ ನೀರಿನಲ್ಲಿಟ್ಟು ಪೂರ್ತಿ ಬಸಿಯಲು ಬಿಡಿ. ಅಕ್ಕನ ಮನೆಯಲ್ಲಿ ಬೇಸಿಗೆಗೆ ಇದು ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತೆ, ಚಳಿಗಾಲದಲ್ಲಿ ವಾರ ದಾಟುತ್ತೆ.

ಅಲ್ಲಿ ನಿಜವಾದ ತೊಂದರೆ ಇದ್ದದ್ದು ಗಾಳಿಯಲ್ಲಿ. ಈ ಗಿಡಕ್ಕೆ ಶೇ. 50ರಿಂದ 70ರಷ್ಟು ಆರ್ದ್ರತೆ ಹಿತ. ಅಕ್ಕನ ಹಾಲ್‌ನಲ್ಲಿ ಮಧ್ಯಾಹ್ನ ಮೀಟರ್ ಇಟ್ಟರೆ 22 ತೋರಿಸಿತು! ಸ್ಪ್ರೇ ಹೊಡೆಯುವುದು ಕೆಲವೇ ನಿಮಿಷದ ಸಮಾಧಾನ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುವ ಅಪಾಯ ಬೇರೆ. ತಟ್ಟೆಗೆ ಕಲ್ಲು ಹರಡಿ ನೀರು ತುಂಬಿ ಮೇಲೆ ಕುಂಡ ಇಡುವುದೂ ತುಸುವೇ ಉಪಯೋಗ, ಅದರಲ್ಲೂ ಕುಂಡದ ತಳ ನೀರಿಗೆ ತಾಗಬಾರದು. ನಮಗೆ ಕೈಹಿಡಿದದ್ದು ನೀರಿನ ಕೂಲರ್. ಎಸಿ ಕೋಣೆಯ ಗಾಳಿ ಇನ್ನಷ್ಟು ಒಣಗುತ್ತೆ, ಕೂಲರ್ ಗಾಳಿಗೆ ತೇವ ಸೇರಿಸುತ್ತೆ. ಕೂಲರ್ ಇರುವ ಕೋಣೆಯಲ್ಲಿ, ಗಾಳಿ ನೇರ ಬಡಿಯದ ಕಡೆ, ಪೂರ್ವದ ಕಿಟಕಿಯ ಪರದೆ ಹಿಂದೆ ಇಟ್ಟೆವು. ಪಕ್ಕದಲ್ಲಿ ಮನಿಪ್ಲಾಂಟ್, ಜರೀಗಿಡ ಗುಂಪಾಗಿ. ಕೂಲರ್ ಓಡುವಾಗ ಮೀಟರ್ 50 ದಾಟುತ್ತಿತ್ತು.

ಇನ್ನೊಂದು, ಬೋರ್‌ವೆಲ್ ನೀರು. ಗಡಸು ನೀರು ಹಾಕುತ್ತಾ ಹೋದರೆ ಬೇರಿನ ಮೇಲೆ ಬಿಳಿ ಉಪ್ಪು ಕಟ್ಟಿ ಬೇರಿನ ತುದಿ ಸುಡುತ್ತೆ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವಾದರೆ ಆರ್‌ಒ ನೀರು. ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡಿ, ಉಪ್ಪೆಲ್ಲ ಸೇರಿರುವುದು ಅದರಲ್ಲೇ.

ಅಕ್ಕನ ಗಿಡದ ಕೊಳೆತ ಬೇರು ಕತ್ತರಿಸಿ, ಇದ್ದಿಲು ಮತ್ತು ತೊಳೆದ ತೆಂಗಿನ ಸಿಪ್ಪೆಯ ತುಂಡುಗಳಲ್ಲಿ ಮತ್ತೆ ನೆಟ್ಟೆ. ಜುಲೈನಲ್ಲಿ ಹೊಸ ಬೇರೊಂದು ಬಂತು. ಹೂಕಡ್ಡಿ ಇನ್ನೂ ಇಲ್ಲ. ಅಕ್ಕ ಈಗ ಫೋನ್ ಮಾಡಿದರೆ "ಮೊದಲು ಬೇರಿನ ಫೋಟೊ ಕಳಿಸು" ಅಂತೀನಿ.