ಸಂಕಲ್ಪವೂ ಮಳೆಗಾಲವೂ

ಕುಂದಾಪುರದ ಸಮೀಪದ ಹಟ್ಟಿಯಂಗಡಿಯು ವಾರಾಹಿ ನದಿಯ ದಡದಲ್ಲಿರುವ ಪ್ರಾಚೀನ ಊರು. ಸಿದ್ಧಿವಿನಾಯಕ ದೇವಾಲಯದಿಂದ ಅದು ಪ್ರಸಿದ್ಧವಾಗಿದೆ. ಕರಾವಳಿಯ ಈ ಭಾಗದಲ್ಲಿ ಏಪ್ರಿಲ್ ತಿಂಗಳ ನಡುವೆ ಬರುವ ಸೌರಮಾನ ಯುಗಾದಿಯಂದು ಹೊಸ ವರ್ಷ ಆರಂಭವಾಗುತ್ತದೆ. ಮುಂಜಾನೆ ಕಣಿಯನ್ನು ನೋಡಿ, ಹಿರಿಯರಿಗೆ ನಮಸ್ಕರಿಸಿ, ವರ್ಷವೆಲ್ಲ ಆರೋಗ್ಯವಿರಲೆಂದು ಬೇಡುವುದು ವಾಡಿಕೆ. ಅದೇ ಉತ್ಸಾಹದಲ್ಲಿ, 'ನಾಳೆಯಿಂದ ಮನೆಮಂದಿಯೆಲ್ಲ ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯೋಣ' ಎಂದು ಸಂಕಲ್ಪ ಮಾಡುವವರೂ ಉಂಟು. ಇಂತಹ ಸಂಕಲ್ಪವು ಜೂನ್ ತಿಂಗಳ ಮಳೆಗೆ ಕೊಚ್ಚಿಹೋಗುವುದೇಕೆ?

ಮೊದಲು ಆ ಸಂಖ್ಯೆಯನ್ನೇ ಪರಿಶೀಲಿಸಬೇಕು. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಉಪಕರಣವೊಂದು ಮಾರಾಟಕ್ಕೆ ಬಂದಿತು. 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬುದೇ ಅದರ ಹೆಸರಿನ ಅರ್ಥ. ಆ ಸಂಖ್ಯೆ ಜನಪ್ರಿಯವಾದದ್ದು ಆ ಹೆಸರಿನಿಂದ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವು ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರ ನಡಿಗೆಯನ್ನು ಅಳೆಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಕಡಿಮೆಯಿತ್ತು. 7,500ರ ಬಳಿಕ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಹೀಗಿರುವಾಗ ಅಜ್ಜಿಗೂ ಮೊಮ್ಮಗನಿಗೂ ಒಂದೇ ಗುರಿಯನ್ನು ವಿಧಿಸುವುದು ವಿವೇಕವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯೂ ವಯಸ್ಸಿಗೆ ತಕ್ಕಂತಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ, ಸಾಕು. ಗದ್ದೆ ತೋಟಗಳ ದುಡಿಮೆಯೂ ಇದರಲ್ಲಿ ಸೇರುತ್ತದೆ. ಆದುದರಿಂದ ದಿನವಿಡೀ ನೀರು ಸೇದಿ, ಹುಲ್ಲು ಹೊತ್ತು, ಎಲ್ಲರೂ ಉಂಡ ಬಳಿಕ ಉಳಿದುದನ್ನು ಉಣ್ಣುವ ತಾಯಿಗೆ ಮತ್ತಷ್ಟು ನಡಿಗೆಯ ಗುರಿ ಬೇಕಿಲ್ಲ. ಎಲ್ಲರೊಡನೆ ಕುಳಿತು ಹೊತ್ತಿಗೆ ಸರಿಯಾಗಿ ಉಣ್ಣುವುದೂ, ಮನೆಗೆಲಸವನ್ನು ಉಳಿದವರು ಹಂಚಿಕೊಳ್ಳುವುದೂ ಅವಳ ಆರೋಗ್ಯಕ್ಕೆ ಬೇಕಾದ ಸಂಕಲ್ಪ.

ಆಹಾರದಲ್ಲಿಯೂ ಸಣ್ಣ ಬದಲಾವಣೆಯೇ ನಿಲ್ಲುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ಬಿಡಬೇಕಾಗಿಲ್ಲ. ಆದರೆ ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿ ಉಪ್ಪು ಅಧಿಕ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾರದಲ್ಲಿ ಕೆಲವು ದಿನ ಉಪ್ಪಿನಕಾಯಿಯ ಬದಲು ಬಸಳೆಯನ್ನೋ ಹೆಸರುಕಾಳಿನ ಪಲ್ಯವನ್ನೋ ಬಡಿಸಿದರೆ ಅದೇ ಒಳ್ಳೆಯ ಆರಂಭ.

ಇನ್ನು ಅಭ್ಯಾಸ ಬೇರೂರಲು ಎಷ್ಟು ಕಾಲ ಬೇಕು? ಲಂಡನ್ನಿನ ವಿಶ್ವವಿದ್ಯಾಲಯವೊಂದರ ಸಂಶೋಧಕರು 96 ಮಂದಿಯನ್ನು ಗಮನಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಅದರಂತೆ ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವಣ ಅಂದಾಜು 66 ದಿನ. ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂತಹ ಹಾನಿಯಾಗದೆಂಬುದೂ ಅದರಲ್ಲಿ ತಿಳಿದುಬಂದಿತು.

ಏಪ್ರಿಲ್ 14ರಿಂದ 66 ದಿನ ಎಣಿಸಿದರೆ ಜೂನ್ 19 ಬರುತ್ತದೆ. ಆಗ ಕರಾವಳಿಯಲ್ಲಿ ಮಳೆಗಾಲ. ಅಭ್ಯಾಸವು ಬೇರೂರಬೇಕಾದ ಹೊತ್ತಿನಲ್ಲಿಯೇ ನದಿಯ ದಡದ ದಾರಿ ಕೆಸರಾಗಿರುತ್ತದೆ. ಆದುದರಿಂದ ಸಂಕಲ್ಪ ಮಾಡುವ ದಿನವೇ ಮಳೆಗಾಲದ ವ್ಯವಸ್ಥೆಯನ್ನೂ ನಿಶ್ಚಯಿಸಬೇಕು. ದೊಡ್ಡವರು ಜಗಲಿಯ ಮೇಲೆ ನಡೆಯಬಹುದು. ಮಕ್ಕಳು ಸೂರ್ಯನಮಸ್ಕಾರ ಮಾಡಬಹುದು. ಜ್ವರದಿಂದಲೋ ನೆಂಟರ ಬರವಿನಿಂದಲೋ ಒಂದು ದಿನ ತಪ್ಪಿದರೆ, ಎಲ್ಲವೂ ಕೆಟ್ಟಿತೆಂದು ಕೈಬಿಡದೆ ಮರುದಿನ ಮುಂದುವರಿಸಬೇಕು. ಹಾಗೆ ನಡೆಸಿದ ಮನೆಯಲ್ಲಿ ಯುಗಾದಿಯ ಸಂಕಲ್ಪವು ಮಳೆಗಾಲವನ್ನು ದಾಟಿ ದೀಪಾವಳಿಯವರೆಗೂ ಉಳಿದೀತು.