ಮೇಜಿನ ಮೇಲೆ ಸ್ಪಿಟ್‌ಫೈರ್

ಮಕ್ಕಳೇ, ಬಸ್ಸು ಉಬ್ಬು ದಾಟಿ ಇಳಿಯುವಾಗ ಸೀಟಿನಿಂದ ಮೇಲೆದ್ದಂತಾಗುತ್ತದಲ್ಲವೇ? 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನ ಥಟ್ಟನೆ ಮೂತಿ ತಗ್ಗಿಸಿದರೆ ಕಾರ್ಬ್ಯುರೇಟರಿನ ಪೆಟ್ರೋಲಿಗೂ ಹಾಗೇ ಆಗುತ್ತಿತ್ತು. ಮೊದಲು ಇಂಧನ ಸಾಲದೆ, ಮರುಕ್ಷಣ ವಿಪರೀತವಾಗಿ ಎಂಜಿನ್ ಉಸಿರುಗಟ್ಟುತ್ತಿತ್ತು. ಜರ್ಮನಿಯ ಮೆಸ್ಸರ್‌ಸ್ಮಿಟ್ 109ರಲ್ಲಿ ಪಂಪು ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತಿದ್ದುದರಿಂದ ಅದು ಸಲೀಸಾಗಿ ಧುಮುಕಿ ಪಾರಾಗುತ್ತಿತ್ತು. ಬೆನ್ನಟ್ಟಲು ಸ್ಪಿಟ್‌ಫೈರ್ ಮೊದಲು ಮಗುಚಿಕೊಂಡು ಇಳಿಯಬೇಕು. ಆಗ ಪೆಟ್ರೋಲು ತಳದಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಶತ್ರು ದೂರ!

1941ರಲ್ಲಿ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಇಂಧನದ ಹಾದಿಯಲ್ಲಿ ಸಣ್ಣ ತೂತಿನ ಲೋಹದ ಬಿಲ್ಲೆ ಇಡಿಸಿ ಅತಿಯಾದ ಹರಿವನ್ನು ತಡೆದರು. ಎಷ್ಟು ಅಗ್ಗದ ಉಪಾಯ ನೋಡಿ!

ರಟ್ಟಿನ ವಿಮಾನ ಕತ್ತರಿಸಿ ಮೇಜಿನ ಮೇಲೆ ಕಾಳಗದ ಆಟ ಆಡುವಿರಾ? 1940ರ ಸ್ಪಿಟ್‌ಫೈರ್ ಧುಮುಕುವ ಮುನ್ನ ಒಂದು ಸರದಿ ಬಿಡಬೇಕು. ಬಿಲ್ಲೆ ಹಾಕಿದ್ದು ಬಿಡಬೇಕಿಲ್ಲ. ಆದರೆ ಅದೂ ತಲೆಕೆಳಗಾಗಿ ಹೆಚ್ಚು ಹೊತ್ತು ಹಾರುವಂತಿಲ್ಲ. ಆ ತೊಂದರೆ ಬಿಲ್ಲೆಯಿಂದ ನೀಗಿರಲಿಲ್ಲ.